ವಾರಕ್ಕೆರಡು ಅಮಾಸಿ

ಈ ಸರ್ಟಿಫಿಕೇಟು ನನ್ನ ಕೈಗೆ ಬರುವುದೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ದೊಡ್ಡಪ್ಪ. ಬೆನ್ನ ಹಿಂದೆ ಹೇಳಿದ್ದಲ್ಲ. ಕಮಲಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅಪ್ಪ, ಅವ್ವ, ನೀರಿಗೆ ಹೊರಟ ಓಣಿಯ ಹೆಂಗಸರು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ.

“ಓಡೂದು ಜಿಗಿಯೂದು ಕಲಸಾಕ ಕಾಲೇಜಿಗಿ ಹೋಗ್ತಾಳಂತ! ಅದ್ರಾಗ ಏನ್ ಕಲಿಯೂದದ? ನಾಯಿ ಬೆನ್ನ ಹತ್ತಿದ್ರ ಎಲ್ಲಾರೂ ಓಡ್ತಾರ. ಅದಕ್ಕ ಸರ್ಟಿಫಿಕೇಟ್ ಕೊಡಾಂವ ಯಾಂವ?”

“ಯುನಿವರ್ಸಿಟಿಯವ್ರು ಕೊಡ್ತಾರ, ದೊಡ್ಡಪ್ಪ.”

“ಕೊಡ್ತಾರ, ಕೊಡ್ತಾರ. ಮೊದಲನೇ ವರ್ಷಾನ ಬಿಟ್ಟು ಮನಿಗಿ ಬರ್ತಿ ನೋಡು. ಇದು ಆಗೂ ಮಾತಲ್ಲ.”

ದೊಡ್ಡಪ್ಪನ ಮಾತಿಗೆ ನಮ್ಮ ಓಣಿಯಲ್ಲಿ ತೂಕವಿತ್ತು. ಅವನು ಹಳೆಯ ಪೈಲವಾನ. ಕುಸ್ತಿಯಲ್ಲಿ ಜಜ್ಜಿಹೋಗಿ ಮುದುಡಿದ ಅವನ ಎರಡೂ ಕಿವಿಗಳೇ ಅದಕ್ಕೆ ಸಾಕ್ಷಿ. ಓಣಿಯ ಕೊನೆಯ ಗರಡಿಯನ್ನು ಈಗಲೂ ಅವನೇ ನಡೆಸುತ್ತಾನೆ. ಮೈಗೆ ಸಂಬಂಧಪಟ್ಟ ಯಾವ ವಿಷಯದಲ್ಲೂ ಅವನದೇ ಕೊನೆಯ ಮಾತು. ಅಂಥವನು ಆಗುವುದಿಲ್ಲ ಅಂದ ಮೇಲೆ ಆಗುತ್ತದೆ ಎಂದು ಹೇಳುವವರು ಯಾರಿದ್ದರು? ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ.

ಆದರೂ ಹೋದೆ. ಅಪ್ಪ ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಚೀಲ ಹೊರುವ ಹಮಾಲ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಅವನು ಗಂಜಿನ ದಾರಿ ಹಿಡಿದರೆ ನಾನು ಇನ್ನೊಂದು ಬಸ್ಸು ಹಿಡಿದು ಸೇಡಂ ರಸ್ತೆಯ ಕಡೆ ಕಾಲೇಜಿಗೆ ಹೋಗುತ್ತಿದ್ದೆ. ದೈಹಿಕ ಶಿಕ್ಷಣ ಎಂದರೆ ಬರೀ ಆಟ ಎಂದುಕೊಂಡಿದ್ದ ನನಗೆ ಮೊದಲ ವಾರವೇ ಬೆವರು ಇಳಿಯಿತು. ಸ್ನಾಯುಗಳ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹತ್ತಲೊಲ್ಲವು. ಕೊನೆಗೆ ಅಪ್ಪನ ಮೈಯನ್ನೇ ನೆನೆಸಿಕೊಂಡು ಕಲಿತೆ. ಚೀಲ ಎತ್ತುವಾಗ ತೊಡೆಯ ಮುಂದೆ ಉಬ್ಬುತ್ತದಲ್ಲ, ಅದು ಇದು. ತಿರುಗುವಾಗ ಪಕ್ಕೆಯಲ್ಲಿ ಬಿಗಿಯುತ್ತದಲ್ಲ, ಅದು ಇನ್ನೊಂದು. ಹಾಗೆ ಒಂದೊಂದಾಗಿ ಗಂಟಲಿಗಿಳಿದವು. ಮೊದಲ ವರ್ಷ ಮುಗಿಯಿತು, ನಾನು ಬಿಟ್ಟು ಬರಲಿಲ್ಲ. ಎರಡನೆಯದೂ ಮುಗಿಯಿತು. ದೊಡ್ಡಪ್ಪ ಆ ಮಾತು ಎತ್ತುವುದನ್ನು ನಿಲ್ಲಿಸಿದ. ಆದರೆ ವಾಪಸ್ಸೂ ತೆಗೆದುಕೊಳ್ಳಲಿಲ್ಲ.

ಕೊನೆಯ ವರ್ಷ ಒಂದು ದೊಡ್ಡ ಪ್ರಾಕ್ಟಿಕಲ್ ಇತ್ತು. ನಮ್ಮ ನಮ್ಮ ಊರಿನ ಮಕ್ಕಳನ್ನು ಆರಿಸಿಕೊಂಡು ಕೆಲವು ವಾರ ತರಬೇತಿ ಕೊಡಬೇಕು. ಮೊದಲು, ನಡುವೆ, ಕೊನೆಗೆ ಅವರ ಓಟ ಮತ್ತು ಜಿಗಿತವನ್ನು ಅಳೆಯಬೇಕು. ಬಲ, ವೇಗ, ದಮ್ಮು ಮೂರೂ ಹೆಚ್ಚಿರಬೇಕು, ಯಾಕೆ ಹೆಚ್ಚಿತು ಎಂಬುದನ್ನು ಬಾಯಿಬಿಟ್ಟು ಹೇಳಲೂ ಬರಬೇಕು. ಅದರಲ್ಲಿ ಬಿದ್ದರೆ ಪದವಿ ಇಲ್ಲ.

ನಾನು ಕಮಲಾಪುರದ ಸರ್ಕಾರಿ ಹೈಸ್ಕೂಲಿನ ಮಕ್ಕಳನ್ನು ಆರಿಸಿಕೊಂಡೆ. ಕಬಡ್ಡಿ ಆಡುವ ಹುಡುಗಿಯರು, ಓಟಕ್ಕೆ ನಿಲ್ಲುವ ಕೆಲವು ಹುಡುಗರು. ಜಿಮ್ಮು ಎಲ್ಲಿಂದ ತರಲಿ? ಅಪ್ಪ ಗಂಜಿನಿಂದ ಹರಿದ ಚೀಲ ತಂದ, ಅವ್ವ ಹೊಲಿದಳು, ನಾನು ಮರಳು ತುಂಬಿದೆ. ಬೆನ್ನು ನೆಟ್ಟಗಿಟ್ಟು ಚೀಲ ಎತ್ತುವುದು, ಜಿಗಿದು ಮೊಣಕಾಲು ಮಡಿಸಿ ಮೆತ್ತಗೆ ಇಳಿಯುವುದು, ಜೋರಾಗಿ ಓಡಿ ಪೂರ್ತಿ ಉಸಿರು ತಿರುಗುವವರೆಗೆ ನಿಲ್ಲುವುದು. ಗುರುವಾರ, ಭಾನುವಾರ ಪೂರಾ ಬಿಡುವು. ಎಲ್ಲ ಪುಸ್ತಕದಲ್ಲಿದ್ದ ಹಾಗೇ ಮಾಡಿದೆ.

ನಡುವಿನ ಪರೀಕ್ಷೆಯ ದಿನ ಮಕ್ಕಳು ಮೊದಲಿಗಿಂತ ಕಡಿಮೆ ಜಿಗಿದರು. ಓಟವೂ ನಿಧಾನ. ನನ್ನ ಕೈಯ ಸ್ಟಾಪ್‌ವಾಚೇ ಕೆಟ್ಟಿದೆ ಅಂದುಕೊಂಡು ಬೇರೆಯದು ತರಿಸಿ ಮತ್ತೆ ಓಡಿಸಿದೆ. ಇನ್ನೂ ನಿಧಾನವಾದರು. ನೋಡಲು ಬಂದಿದ್ದ ನಮ್ಮ ಕಾಲೇಜಿನ ಮೇಡಂ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.

“ಹುಡುಗ್ರು ದಣದಾರ. ನೀ ಭಾಳ ದುಡಸಾಕತ್ತೀಯೇನಮ್ಮ?”

“ಇಲ್ರೀ ಮೇಡಂ. ವಾರದಾಗ ಎರಡು ದಿನ ಬಿಡುವು ಕೊಟ್ಟೀನ್ರೀ.”

“ಕೊನೀ ಟೆಸ್ಟಿನ್ಯಾಗೂ ಹಿಂಗಾದ್ರ ನಾ ಸಹಿ ಮಾಡಂಗಿಲ್ಲ, ನೋಡು. ಆಮ್ಯಾಲ ಅಳಬಾರ್ದು.”

ಮೇಡಂ ಹೋದ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡೆ. ಒಬ್ಬಳ ಕಿವಿಯ ಹಿಂದೆ ಕೆಂಪು ಮಣ್ಣು ಕಂಡಿತು. ಬೆರಳಿಂದ ಒರೆಸಿ ಮೂಸಿದೆ. ಎಣ್ಣೆ, ಅರಿಶಿನ, ಲಿಂಬೆಯ ವಾಸನೆ. ಆ ಮಣ್ಣು ಊರಿನಲ್ಲಿ ಒಂದೇ ಕಡೆ ಇರುವುದು.

“ಗರಡಿಗಿ ಯಾವಾಗ ಹೋಗಿದ್ದಿ?”

ಅವಳು ಪಕ್ಕದವಳನ್ನು ನೋಡಿದಳು. ಪಕ್ಕದವಳು ನೆಲ ನೋಡಿದಳು. ಹುಡುಗರು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬ ಹೇಳಿಬಿಟ್ಟ.

“ದಿನಾ ಹೋಗ್ತೀವ್ರೀ ಅಕ್ಕಾ. ಮುತ್ಯಾ ಬರ್ರಿ ಅಂದಾನ. ನಿಮಗ ಹೇಳಬ್ಯಾಡ್ರಿ ಅಂತನೂ ಅಂದಾನ.”

ಮುತ್ಯಾ ಅಂದರೆ ದೊಡ್ಡಪ್ಪ. ಅಂದು ರಾತ್ರಿ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಬೇಕಂತಲೇ ನನ್ನನ್ನು ಬೀಳಿಸಲು ಹೊರಟಿದ್ದಾನೆ, ತನ್ನ ಮಾತು ನಿಜ ಮಾಡಿಕೊಳ್ಳಲು ಮಕ್ಕಳ ಕಾಲು ಮುರಿಯುತ್ತಿದ್ದಾನೆ ಎಂದೇ ತಿಳಿದೆ. ಬೆಳಕು ಹರಿಯುವ ಮುಂಚೆ ಗರಡಿಯ ಗೋಡೆಯ ಬಳಿ ಹೋಗಿ ನಿಂತೆ.

ಅಂಗಳದಲ್ಲಿ ನನ್ನ ಮಕ್ಕಳೆಲ್ಲ ಸಾಲಾಗಿ ಬಸ್ಕಿ ಹೊಡೆಯುತ್ತಿದ್ದರು. ಹುಡುಗಿಯರು ಕಾಲಿಡದ ಅಂಗಳ ಅದು. ದೊಡ್ಡಪ್ಪ ಬೆತ್ತ ಹಿಡಿದು ಎಣಿಸುತ್ತಿದ್ದ. ನಡುವೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ.

“ಹೊಡೀರಿ! ಇನ್ನೊಂದು! ಅಕಿ ಗುರುವಾರ ಸೂಟಿ ಅಂತಾಳ, ಆಯ್ತವಾರ ಸೂಟಿ ಅಂತಾಳ. ಪುಸ್ತಕ ಓದಿದವರಿಗಿ ಏನ್ ಗೊತ್ತು? ನೀವು ಓಡ್ಲಿಲ್ಲಂದ್ರ ನಮ್ಮ ಹುಡುಗಿ ನಪಾಸ ಆಗ್ತಾಳ. ನನ್ನ ತಮ್ಮ ಚೀಲ ಹೊತ್ತು ಓದಿಸ್ಯಾನ. ಎಳೀರಿ ದಮ್ಮ!”

ನನ್ನ ಸಿಟ್ಟು ಗೋಡೆಯ ಆಚೆಯೇ ಉಳಿಯಿತು. ಒಳಗೆ ಹೋದೆ. ನನ್ನನ್ನು ಕಂಡು ಅವನು ಬೆತ್ತವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

“ದೊಡ್ಡಪ್ಪ, ಇದು ಆಗೂ ಮಾತಲ್ಲ ಅಂದಿದ್ದಿ.”

“ಅಂದಿದ್ನಿ. ಅಂದ್ರ ಏನಾತು? ಅಂದಾಂವ ಕೈ ಕಟಗೊಂಡು ಕುಂದ್ರಬೇಕೇನ?”

“ಹುಡುಗ್ರು ಮುಂಜಾನಿ ನಿನ್ನ ಕೈಯಾಗ ದಣೀತಾರ, ಸಂಜಿಗಿ ನನ್ನ ಕೈಯಾಗ ದಣೀತಾರ. ಹಿಂಗಾದ್ರ ಓಡೂದು ಯಾವಾಗ?”

“ದಣಿಲಾರ್ದ ಮೈ ಗಟ್ಟಿ ಆಗೂದು ನಾ ಎಲ್ಲೂ ನೋಡಿಲ್ಲ,” ಅಂದ. ಮುಖ ಗಂಟಿಕ್ಕಿತ್ತು. ಪುಸ್ತಕದ ಮಾತು ಹೇಳಿದರೆ ಕೇಳುವವನಲ್ಲ ಎಂದು ನನಗೆ ಗೊತ್ತು. ಬಾಗಿಲ ಕಡೆ ಕಣ್ಣು ಹೋಯಿತು. ಅಮಾವಾಸ್ಯೆಯ ದಿನ ಆ ಬಾಗಿಲಿಗೆ ಚಿಲಕ ಬೀಳುತ್ತದೆ. ಅಂದು ಅಖಾಡದ ಮಣ್ಣು ಕಡಿದು, ಎಣ್ಣೆ ಮಜ್ಜಿಗೆ ಸುರಿದು, ಊದಿನಕಡ್ಡಿ ಹಚ್ಚಿ ಬಿಡುತ್ತಾರೆ. ಎಂಥ ಪೈಲವಾನನೂ ಕಸರತ್ತು ಮಾಡುವ ಹಾಗಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿ.

“ಅಮಾಸಿ ದಿನ ಗರಡಿ ಯಾಕ ಮುಚ್ಚತಿ, ದೊಡ್ಡಪ್ಪ?”

“ಹಿರೇರು ಮಾಡಿದ್ದು. ಮಣ್ಣಿಗೂ ಒಂದಿನ ಬಿಡುವು, ಮೈಗೂ ಒಂದಿನ ಬಿಡುವು. ಅಮಾಸಿ ಬಿಟ್ಟು ಮರುದಿನ ಬಂದ ಪೈಲವಾನನ್ನ ಹಿಡಿಯಾಕ ಆಗಂಗಿಲ್ಲ, ಹುಲಿ ಆಗಿರ್ತಾನ.”

ಹೇಳಿ ಮುಗಿಸಿ ತಾನೇ ಮಕ್ಕಳ ಕಡೆ ತಿರುಗಿ ನೋಡಿದ. ಬಸ್ಕಿ ಹೊಡೆಯುತ್ತಿದ್ದ ಮಕ್ಕಳು ಅರ್ಧಕ್ಕೆ ನಿಂತು ನಮ್ಮಿಬ್ಬರನ್ನೇ ನೋಡತೊಡಗಿದರು.

“ನಿನ್ನ ಪೈಲವಾನರು ದೊಡ್ಡವರು. ಇವು ಇನ್ನೂ ಬೆಳೆಯೂ ಎಲುಬು. ಇವಕ್ಕ ವಾರಕ್ಕೆರಡು ಅಮಾಸಿ ಬೇಕು,” ಅಂದೆ.

“ವಾರಕ್ಕೆರಡಾ? ಪಂಚಾಂಗಾನೇ ಬದಲಿ ಮಾಡ್ತಿಯಲ್ಲ, ಹುಚ್ಚಿ!”

ಆದರೆ ನಕ್ಕ. ನಕ್ಕ ಮೇಲೆ ಬೆತ್ತ ಮುಂದೆ ಬಂತು. “ಹಂಗಾದ್ರ ಅಮಾಸಿ ಕಾಯೂ ಜವಾಬ್ದಾರಿ ನಂದು. ಕಸರತ್ತು ನಿಂದು.”

ಅಂದಿನಿಂದ ಗುರುವಾರ, ಭಾನುವಾರ ಮಕ್ಕಳು ಗರಡಿಯ ಕಟ್ಟೆಯ ಮೇಲೆ ಕೂರಬೇಕು. ಒಬ್ಬ ಹುಡುಗ ಕೋಳಿಯ ಹಿಂದೆ ಎರಡು ಹೆಜ್ಜೆ ಓಡಿದರೂ ಬೆತ್ತ ಏಳುತ್ತಿತ್ತು. “ಏ, ಕುಂದ್ರಲೇ! ಅಮಾಸಿ ಅದ.” ಕೂರಿಸುವುದು ದೊಡ್ಡಪ್ಪನಿಗೆ ಬಸ್ಕಿ ಹೊಡೆಸುವುದಕ್ಕಿಂತ ಕಷ್ಟವಾಯಿತು. ತಾನೇ ಚಡಪಡಿಸಿ ಅತ್ತಿತ್ತ ಓಡಾಡುತ್ತಿದ್ದ. ಊರಿನ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಹಂಚುತ್ತಿದ್ದ, ತಾನು ಯಾರನ್ನು ಎಲ್ಲಿ ಚಿತ್ ಮಾಡಿದೆ ಎಂದು ಹೇಳುತ್ತಿದ್ದ. ಪ್ರತಿ ವಾರ ಎದುರಾಳಿ ಇನ್ನಷ್ಟು ದಪ್ಪವಾಗುತ್ತಿದ್ದ.

ದಾರಿಯಲ್ಲಿ ಹೋಗುವವನೊಬ್ಬ ಒಮ್ಮೆ ಕೇಳಿದ, “ಏನ್ ಪೈಲವಾನರ, ಅಂಗನವಾಡಿ ತೆಗದೀರೇನ್ರೀ?”

“ಹೌದಪ್ಪ, ನೀನೂ ಬಾ. ನಿನಗೂ ಕುಂದ್ರೂದು ಕಲಸ್ತೀನಿ.”

ಉಳಿದ ದಿನಗಳಲ್ಲಿ ನಾನೂ ಒಂದು ಬಿಟ್ಟುಕೊಟ್ಟೆ. ಬಿದ್ದರೆ ಪೆಟ್ಟಾಗದಂತೆ ಉರುಳುವುದನ್ನು ಅಖಾಡದ ಮಣ್ಣಿನಲ್ಲಿ ಅವನೇ ಕಲಿಸಲಿ ಎಂದೆ. ಹುಡುಗಿಯರು ಅಖಾಡದೊಳಗೆ ಇಳಿದರು. ಊರು ಎರಡು ದಿನ ಮಾತಾಡಿ ಸುಮ್ಮನಾಯಿತು.

ಕೊನೆಯ ಪರೀಕ್ಷೆಗೆ ಮೇಡಂ ಮತ್ತೆ ಬಂದರು. ದೊಡ್ಡಪ್ಪ ಮೈದಾನದೊಳಗೆ ಬರಲಿಲ್ಲ. ಬೇಲಿಯ ಆಚೆ ಮೇಕೆ ಹುಡುಕುವವನ ಹಾಗೆ ನಿಂತಿದ್ದ. ನಮ್ಮ ಮನೆಯಲ್ಲಿ ಮೇಕೆಯೇ ಇಲ್ಲ. ಕಿವಿಯ ಹಿಂದೆ ಮಣ್ಣು ಮೆತ್ತಿಕೊಂಡಿದ್ದ ಹುಡುಗಿ ಮೊದಲು ಜಿಗಿದಳು. ಮೊದಲ ಪರೀಕ್ಷೆಯ ಅಳತೆಗೆ ಎಳೆದ ಸುಣ್ಣದ ಗೆರೆ ಅವಳ ಹಿಮ್ಮಡಿಯ ಹಿಂದೆ ಉಳಿಯಿತು. ಒಬ್ಬರ ಹಿಂದೆ ಒಬ್ಬರು ತಮ್ಮ ತಮ್ಮ ಗೆರೆ ದಾಟಿದರು. ಓಟದಲ್ಲಿ ಗಡಿಯಾರ ನೋಡುವ ಮೊದಲೇ ನನಗೆ ಗೊತ್ತಾಯಿತು. ಕಾಲು ನೆಲಕ್ಕೆ ತಾಗುವ ಸದ್ದೇ ಬೇರೆಯಾಗಿತ್ತು.

“ಏನ್ ಬದಲಿ ಮಾಡಿದಿ?” ಮೇಡಂ ಕೇಳಿದರು.

“ದುಡಿಯುವಾಗ ಮೈ ಸೋಲ್ತದ್ರೀ ಮೇಡಂ. ಬಿಡುವಿನ್ಯಾಗ ಗಟ್ಟಿ ಆಗ್ತದ. ಮೊದಲು ಆ ಬಿಡುವು ನನ್ನ ಕಾಗದದಾಗಷ್ಟೇ ಇತ್ತು. ಈಗ ಅದನ್ನ ಕಾಯಾಕ ಒಬ್ಬರು ಅದಾರ.”

ಮೇಡಂ ಬೇಲಿಯ ಕಡೆ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

ಈಗ ನಾನು ಕಲಬುರಗಿಯಲ್ಲೂ ಶಾಲಾ ಮಕ್ಕಳಿಗೆ ಇದನ್ನೇ ಕಲಿಸುತ್ತೇನೆ, ಅದೇ ಕೆಲಸದಲ್ಲಿ ಹೊಟ್ಟೆ ತುಂಬುತ್ತದೆ, ಮನಸ್ಸೂ ತುಂಬುತ್ತದೆ. ಆದರೆ ಸರ್ಟಿಫಿಕೇಟು ಕೈಗೆ ಬಂದ ದಿನದ ಸಂಜೆಯಂಥದು ಇನ್ನೊಂದು ಬಂದಿಲ್ಲ. ಅಪ್ಪ ಅಂದು ಗಂಜಿಗೆ ಹೋಗದೆ ನನ್ನೊಂದಿಗೆ ಕಾಲೇಜಿಗೆ ಬಂದಿದ್ದ. ಕಮಲಾಪುರದಲ್ಲಿ ಇಳಿದು ಮನೆಗೆ ಬಂದಾಗ ದೊಡ್ಡಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ ಅದೇ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಅವನು ಎರಡೂ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡ, ಬೆಳಕಿಗೆ ಹಿಡಿದ, ನನ್ನ ಹೆಸರಿರುವ ಜಾಗ ಯಾವುದೆಂದು ಕೇಳಿ ಅಲ್ಲಿ ಬೆರಳಿಟ್ಟ.

ಅಷ್ಟರಲ್ಲಿ, ಪರೀಕ್ಷೆ ಮುಗಿದ ಮೇಲೂ ಬಿಡದ ಮಕ್ಕಳು ಸಂಜೆಯ ಕಸರತ್ತಿಗೆ ಬಂದು ಸಾಲಾಗಿ ನಿಂತರು. ನಾನು ಸೀಟಿ ಹುಡುಕುತ್ತ ಎದ್ದೆ. ದೊಡ್ಡಪ್ಪ ಕಾಗದದಿಂದ ಕಣ್ಣು ತೆಗೆಯದೆ ಬೆತ್ತ ಅಡ್ಡ ಹಿಡಿದ.

“ಕುಂದ್ರವಾ. ಇವತ್ತ ನಿಂದೂ ಅಮಾಸಿ.”