ಹುಳದ ಅನ್ನ, ಚೆಂದದ ಮಾತು

ಸಗರದ ಕುರಿಗಾರ ಹುಲಗಪ್ಪನ ಮಗಳು ಸುಮಂಗಲಾ ಶಹಾಪುರದ ಹೊರಗೆ ಖಾಸಗಿ ಸಂಸ್ಥೆಯೊಂದು ನಡೆಸುವ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದಳು. ವಾದ ಮಂಡಿಸುವ ಪ್ರಬಂಧವೆಂದರೆ ಅವಳಿಗೆ ಹುರುಪು. ಪ್ರತಿಪಾದನೆ, ಪುರಾವೆ, ಎದುರುವಾದ, ಖಂಡನೆ ಎಂದು ಹಲಗೆಯ ತುಂಬ ಬರೆದು, ಸೀಮೆಸುಣ್ಣದ ಕೈ ಝಾಡಿಸುತ್ತ ಹೇಳುತ್ತಿದ್ದಳು: “ನೀವು ಹೇಳೋದು ಪ್ರತಿಪಾದನೆ. ಅದು ಖರೇ ಅಂತ ತೋರ್ಸೋದು ಪುರಾವೆ. ಎದುರಿನವ್ರು ಏನಂತಾರ ಅಂತ ಮೊದ್ಲ ವಿಚಾರ ಮಾಡ್ರಿ, ಅದು ಎದುರುವಾದ. ಅದನ್ನ ಮುರಿಯೋದು ಖಂಡನೆ. ಬೈಯೋದಲ್ಲ ಮತ್ತ, ಮುರಿಯೋದು.”

ಈ ವಿದ್ಯೆಯಿಂದಲೇ ಸಂಸ್ಥೆಯ ಕಾರ್ಯದರ್ಶಿ ಬಸವಂತ್ರಾಯನಿಗೆ ಅವಳು ಬೇಕಾದವಳಾದಳು. ಅವನ ಭಾಷಣ, ವಾರ್ಷಿಕ ವರದಿ, ದಾನಿಗಳಿಗೆ ಮನವಿ ಎಲ್ಲ ಅವಳ ಕೈಬರಹವೇ. “ಕೇಳ್ದವ್ರ ಕಣ್ಣಾಗ ನೀರು ಬರ್ಬೇಕು ನೋಡ್ರಿ ಟೀಚರ್,” ಎನ್ನುತ್ತಿದ್ದ. ಅವಳು ಬರಿಸುತ್ತಿದ್ದಳು. ಅದರ ಹೆಮ್ಮೆಯೂ ಅವಳಿಗಿತ್ತು.

ಹೋದ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಗೆ, ಶಾಲೆಯಲ್ಲಿ ಬದಲಾಗಬೇಕಾದ ಒಂದು ಸಂಗತಿಯ ಬಗ್ಗೆ ಪ್ರಬಂಧ ಬರೆಯಲು ಕೊಟ್ಟಳು. ಕೆಂಭಾವಿಯ ಕೂಲಿ ಹೆಣ್ಣುಮಗಳು ಮಾನಮ್ಮನ ಮಗಳು ಕವಿತಾ ಊಟದ ಅಕ್ಕಿ ಬದಲಾಗಬೇಕೆಂದು ಬರೆದಿದ್ದಳು. ಯಾವ ತಾರೀಕಿಗೆ ಅನ್ನದಲ್ಲಿ ಹುಳ ಬಂದವು, ಅಂದು ಎಷ್ಟು ಹುಡುಗಿಯರು ವಾಂತಿ ಮಾಡಿಕೊಂಡರು ಎಂದು ಎರಡು ವಾರದ ವಿವರವಿತ್ತು. ಕೊನೆಯ ಪುಟಕ್ಕೆ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ಪಿನ್ನು ಹೊಡೆದಿದ್ದಳು. ಒಳಗೆ ಒಂದು ಹಿಡಿ ಅನ್ನ, ಅಗುಳಿನಷ್ಟೇ ಬೆಳ್ಳಗೆ ಬೆಂದು ಉಬ್ಬಿದ ಹುಳಗಳು.

ಸುಮಂಗಲಾ ದಿನಾ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಅಡುಗೆಮನೆಗೆ ಕಾಲಿಟ್ಟವಳಲ್ಲ. ಅಂದು ಹೋಗಿ ಚೀಲಕ್ಕೆ ಕೈ ಹಾಕಿದಳು. ಜೇಡರ ಬಲೆಯಂಥ ನೂಲಿನಲ್ಲಿ ಅಂಟಿಕೊಂಡ ಅಕ್ಕಿಯ ಗಂಟುಗಳು, ಇಲಿಯ ಹಿಕ್ಕೆ, ಬೆರಳ ಮೇಲೆ ಹರಿದಾಡುವ ನುಸಿ. ಹೊರಗೆ ಓಡಿ ನಲ್ಲಿಯ ಹತ್ತಿರ ಕಾರಿಕೊಂಡಳು. ಬಳಿಕ ಚೀಲಗಳ ಫೋಟೊ ತೆಗೆದು, ಝೆರಾಕ್ಸ್ ಒಂದು ಇಟ್ಟುಕೊಂಡು ಪ್ರಬಂಧವನ್ನು ಬಸವಂತ್ರಾಯನ ಮುಂದಿಟ್ಟಳು.

ಅಷ್ಟರಲ್ಲಿ ಹುಳದ ಸುದ್ದಿ ಪಾಲಕರಿಗೂ ತಾಲೂಕಾ ಆಫೀಸಿಗೂ ಮುಟ್ಟಿತ್ತು. ಆ ಭಾನುವಾರ ಅವನು ಪಾಲಕರ ಸಭೆ ಕರೆದು ಮೈಕು ಹಿಡಿದ. “ಈ ಮಕ್ಳು ನನ್ನ ಹೊಟ್ಯಾಗ ಹುಟ್ಟದಿದ್ರೂ ನನ್ನವ್ರೇ,” ಎಂದು ಕಣ್ಣೊರೆಸಿಕೊಂಡ. ಆ ಸಾಲು ಬರೆದವಳು ಸುಮಂಗಲಾಳೇ. ಭಾವನೆಗೆ ಮನವಿ ಎಂದು ತಾನೇ ಪಾಠ ಮಾಡುತ್ತಿದ್ದ ತಂತ್ರ ಈಗ ಅವನ ಬಾಯಲ್ಲಿ ಕೊಳೆತಂತೆ ಕೇಳಿಸಿತು. “ದೇಶದಾಗ ಎಷ್ಟು ಮಂದಿ ಉಪಾಸ ಮಲ್ಗತಾರ ಗೊತ್ತೈತೇನ್ರಿ?” ಇದು ವಿಷಯಾಂತರ. ತಾಯಿಯ ಪಕ್ಕ ಕೂತಿದ್ದ ಕವಿತಾಳತ್ತ ಬೆರಳು ಮಾಡಿದ: “ಕೂಲಿ ಮಾಡೋ ಮನ್ಯಾಗ ಈ ಹುಡ್ಗಿ ಏನ್ ದಿನಾ ಬಿರಿಯಾನಿ ಉಣ್ತಿದ್ಲೇನು?” ಇದು ವ್ಯಕ್ತಿನಿಂದನೆ. ಒಂದೊಂದಕ್ಕೂ ಅವಳಿಗೆ ಹೆಸರು ಗೊತ್ತಿತ್ತು. ಅಕ್ಕಿಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮಾನಮ್ಮ ತಲೆಯ ಮೇಲಿನ ಸೆರಗನ್ನು ಮುಖದವರೆಗೆ ಎಳೆದುಕೊಂಡು ಕೂತಿದ್ದಳು. ಕವಿತಾ ತಿರುಗಿ ಟೀಚರ್ ಕಡೆ ನೋಡಿದಳು. ಸುಮಂಗಲಾ ಕುರ್ಚಿಯಿಂದ ಏಳಲಿಲ್ಲ.

ಸಭೆ ಮುಗಿದ ಮೇಲೆ ಬಸವಂತ್ರಾಯ ಆಫೀಸಿನಲ್ಲಿ ಮಿರ್ಚಿ ಭಜಿ ತಿನ್ನುತ್ತ, ಎಣ್ಣೆಯ ಬೆರಳಿನಿಂದಲೇ ಹಾಳೆಯೊಂದನ್ನು ಅವಳತ್ತ ನೂಕಿದ.

“ತಾಲೂಕಾ ಆಫೀಸಿಗಿ ಒಂದು ಸ್ಪಷ್ಟೀಕರಣ ಬರೀರಿ. ಹುಡ್ಗಿ ಸುಳ್ಳು ಹೇಳ್ಯಾಳ ಅಂತ ಬ್ಯಾಡ. ವಯಸ್ಸಿನ ಚಂಚಲತಿ ಅಂತ ನಾಜೂಕಾಗಿ ಬರೀರಿ.”

“ಅದಕ್ಕ ಪುರಾವೆ ಎಲ್ಲೈತ್ರಿ ಸರ್?”

“ಪುರಾವೆ ಇದ್ರ ನಿಮ್ಮನ್ನ ಯಾಕ ಕರೀತಿದ್ದೆ? ಮಂದಿ ಚಪ್ಪಾಳಿ ಹೊಡದ್ರಲ್ಲ, ಮತ್ತೇನ್ ಬೇಕು?”

ಅವನ ತುಟಿಯ ಮೇಲೆ ಹಿಟ್ಟಿನ ಚೂರು ಅಂಟಿತ್ತು. ಆ ಬಾಯಿಗೆ ಇಷ್ಟು ವರ್ಷ ಮಾತು ಉಣಿಸಿದವಳು ತಾನೇ ಎಂದು ನೆನೆದು ಅವಳಿಗೆ ಮೈಯೆಲ್ಲ ಮುಸುರೆ ಮೆತ್ತಿದಂತಾಯಿತು. ಹಾಳೆಯನ್ನು ಅಲ್ಲೇ ಬಿಟ್ಟು ಎದ್ದಳು.

ಮರುದಿನ ತನ್ನದೇ ಹೆಸರಿನಲ್ಲಿ ದೂರು ಬರೆದಳು. ನಾಲ್ಕೇ ಸಾಲು, ಒಂದು ಉಪಮೆಯೂ ಇಲ್ಲ. ಹನ್ನೊಂದು ವರ್ಷ ತಾನು ಅಡುಗೆಮನೆ ನೋಡಿರಲಿಲ್ಲ ಎಂಬುದು ನಾಲ್ಕನೆಯ ಸಾಲು. ಕವಿತಾಳ ಪ್ರಬಂಧದ ಝೆರಾಕ್ಸ್, ಚೀಲಗಳ ಫೋಟೊ ಲಗತ್ತಿಸಿ, ತಾಲೂಕಾ ಆಫೀಸಿನಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬಂದಳು. ಮೂರನೆಯ ದಿನ ಅಧಿಕಾರಿಗಳು ಬಂದು ಉಗ್ರಾಣಕ್ಕೆ ಬೀಗ ಜಡಿದರು. ಹೊಸ ಅಕ್ಕಿ ಬಂತು. ಕವಿತಾ ಈಗ ಅಲ್ಲೇ ಹತ್ತನೆಯ ತರಗತಿ ಓದುತ್ತಿದ್ದಾಳೆ. ಬಸವಂತ್ರಾಯ ಈಗಲೂ ಕಾರ್ಯದರ್ಶಿ. ಸುಮಂಗಲಾಳಿಗೆ ಮಾತ್ರ, ಮುಂದಿನ ತಿಂಗಳಿಂದ ಬರುವುದು ಬೇಡ ಎಂಬ ಕಾಗದ ಬಂತು.

ಈಗ ಅವಳು ಸುರಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಟ್ಯೂಷನ್ ಹೇಳುತ್ತಾಳೆ. ಭಾಷಣ ಬರೆದುಕೊಡಿ ಎಂದು ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತಾಳೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಮಾನಮ್ಮ ಸಿಕ್ಕಳು. ಮಗಳ ಸುದ್ದಿ ಹೇಳಿದಳು, ಊಟ ಈಗ ಚಲೋ ಐತ್ರಿ ಎಂದಳು. ಆಮೇಲೆ ಕೈಚೀಲ ಕೆಳಗಿಟ್ಟು ಅಂದಳು: “ಅವತ್ತು ಮಂದ್ಯಾಗ ಅವ್ರು ಆ ಮಾತು ಅಂದಾಗ ನೀವು ಎದ್ದು ನಿಂದರಬೇಕಿತ್ರಿ ಟೀಚರ್.”

“ಹೌದ್ರಿ,” ಎಂದಳು ಸುಮಂಗಲಾ. “ನಿಂದರಬೇಕಿತ್ತು.”

ಕೆಂಭಾವಿ ಬಸ್ಸು ಬಂತು. ಮಾನಮ್ಮ ಕೈಚೀಲ ಎತ್ತಿಕೊಂಡು ಹತ್ತಿದಳು.