ಅಮಾವಾಸ್ಯೆಯ ಗಿಟಾರು

ನಮ್ಮಣ್ಣ ಬ್ಲೂಸ್-ರಾಕ್ ಗಿಟಾರ್ ನುಡಿಸುತ್ತಿದ್ದ. ಕೊಯಮತ್ತೂರಿನ ಹೋಟೆಲುಗಳಲ್ಲಿ ಊಟ ಮಾಡುವವರ ಮುಂದೆ ಶುರುಮಾಡಿ, ಚೆನ್ನೈನ ದೊಡ್ಡ ವೇದಿಕೆಗಳವರೆಗೂ ಹೋದ. ಆದರೆ ಅವನ ಮೂರೂ ಆಲ್ಬಮ್‌ಗಳು ರೆಕಾರ್ಡ್ ಆದದ್ದು ತಿರುಪ್ಪೂರಿನ ಹತ್ತಿರ ನಮ್ಮ ಮನೆಯ ಮಗ್ಗದ ಶೆಡ್ಡಿನಲ್ಲಿ, ಅಮಾವಾಸ್ಯೆಗಳಂದು. ಆ ದಿನ ನಮ್ಮ ಕನ್ನಡ ನೇಕಾರರು ಮಗ್ಗ ಮುಟ್ಟುವುದಿಲ್ಲ. ಇಡೀ ಬೀದಿಯ ಸದ್ದು ನಿಲ್ಲುವುದು ಅಂದು ಮಾತ್ರ.

ಆ ದಿನ ನಾನು ಅವ್ವನನ್ನು ಕಾರಮಡೈ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ನಾನು ತರಿ, ಅಂದರೆ ಪವರ್‌ಲೂಮ್, ಓಡಿಸುವಾಗ ಅಣ್ಣ ಮೂಲೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದ. ಬೆರಳು ಓಡುವುದು ಕಾಣುತ್ತಿತ್ತು. ಮಗ್ಗದ ಸದ್ದಿನ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದೆಳೆ ನಾದ ಕಿವಿಗೆ ಬೀಳುತ್ತಿತ್ತು, ಅಷ್ಟೆ.

ಅವನು ಸತ್ತಾಗ ನನಗೆ ಅಳು ಬರಲಿಲ್ಲ. ಯಾರ್‍ಯಾರೋ ಬಂದು ಅವನ ಕೈಚಳಕವನ್ನು ಹೊಗಳಿದರು. ಎಲ್ಲರಿಗೂ ತಲೆಯಾಡಿಸಿದೆ.

ಮುಂದಿನ ಅಮಾವಾಸ್ಯೆ, ಸಾವಿನ ಮನೆಯವರೆಂದು ದೇವಸ್ಥಾನಕ್ಕೆ ಹೋಗಲಿಲ್ಲ. ಶೆಡ್ಡಿನಲ್ಲಿ ಕೂತು ಫೋನಿನಲ್ಲಿ ಅವನ ಕೊನೆಯ ಆಲ್ಬಮ್ ಹಾಕಿದೆ. ಒಂದೊಂದು ಸ್ವರವೂ ತೊಳೆದಿಟ್ಟಂತಿತ್ತು. ಯಾರೋ ದೊಡ್ಡ ಕಲಾವಿದ, ನನಗೆ ಪರಿಚಯವಿಲ್ಲದವನು ನುಡಿಸುತ್ತಿದ್ದ. ಅರ್ಧ ಗಂಟೆ ಸುಮ್ಮನೆ ಕೇಳಿದೆ. ಆಮೇಲೆ ಆಲ್ಬಮ್ ನಿಲ್ಲಿಸದೆ ಎದ್ದು ಒಂದು ಮಗ್ಗದ ಸ್ವಿಚ್ ಒತ್ತಿದೆ.

ಸದ್ದು ಕೇಳಿ ಅವ್ವ ಬಾಗಿಲಿಗೆ ಬಂದಳು. "ಅಮಾವಾಸೆ ದಿನ ತರಿ ಯಾಕೆ ಓಡಿಸ್ತೀ, ಕಣ್ಣು?" ಎಂದಳು.

"ಇಷ್ಟೊತ್ತೂ ಅಣ್ಣ ಕೇಳಿಸ್ತಿರಲಿಲ್ಲವ್ವಾ," ಎಂದೆ.