ಗೆಣ್ಣು ಎಣಿಸುವ ಕೈ, ನೋಡುವ ಕಣ್ಣು

ಕ್ಯಾಮೆರಾ ಇರುವ ಕೋಣೆಗೆ ಕಾಲಿಟ್ಟರೆ ನನಗೆ ಮೂಗು ತುರಿಸುತ್ತದೆ. ಇಡೀ ದಿನ ತನ್ನ ಪಾಡಿಗೆ ತಾನಿರುವ ಮೂಗು, ಮೂಲೆಯಲ್ಲಿ ಆ ಕರಿ ಗುಂಡು ಕಂಡಿತೆಂದರೆ ಸಾಕು, ನಾನೂ ಇದ್ದೇನೆ ಎಂದು ಜಾಹೀರು ಮಾಡತೊಡಗುತ್ತದೆ. ತುರಿಸಿಕೊಂಡರೆ ಎಲ್ಲೋ ಕೂತವರು ನೋಡುತ್ತಾರೆ, ತುರಿಸಿಕೊಳ್ಳದಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ಕಡೆಗೆ ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಅದರ ತುದಿಯನ್ನು ಮೂಗಿನ ಮೇಲೆ ಆಡಿಸಿ ಬಚಾವಾಗುತ್ತೇನೆ. ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡಿ, ದಾವಣಗೆರೆಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುವವಳ ಪಾಡು ಇದು. ಆ ಶಾಸ್ತ್ರ ಓದದವರ ಮೂಗುಗಳ ಗತಿ ಏನೋ ನನಗೆ ಗೊತ್ತಿಲ್ಲ. ಬಹುಶಃ ಅವರಿಗೆ ತುರಿಸುವುದೇ ಇಲ್ಲ.

ಈ ತುರಿಕೆಗೆ ನಮ್ಮ ಶಾಸ್ತ್ರದಲ್ಲಿ ವಿವರಣೆ ಇದೆ. ಹಿಂದೆ ವಿಲಾಯಿತಿಯ ಒಬ್ಬ ಮಹಾಶಯ ಗುಂಡಗಿನ ಜೈಲೊಂದರ ನಕ್ಷೆ ಹಾಕಿದ. ಸುತ್ತ ಕೋಣೆಗಳು, ನಡುವೆ ಒಂದು ಗೋಪುರ. ಗೋಪುರದಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಕೈದಿಗೆ ಕಾಣುವುದಿಲ್ಲ. ಇರಬಹುದು ಎಂಬ ಅನುಮಾನ ಒಂದೇ ಸಾಕು, ಕೈದಿ ತನ್ನನ್ನು ತಾನೇ ಕಾಯತೊಡಗುತ್ತಾನೆ. ಸಂಬಳವಿಲ್ಲದ ಕಾವಲುಗಾರ ಅವನೇ! ಇದನ್ನು ತರಗತಿಯಲ್ಲಿ ನಾನು ಭಾರಿ ಉತ್ಸಾಹದಿಂದ ಹೇಳುತ್ತೇನೆ. ಆದರೆ ಆ ಮಹಾಶಯ ನಾನು ಬೆಳೆದ ಆನೆಕೊಂಡದ ಓಣಿಯನ್ನೊಮ್ಮೆ ನೋಡಿದ್ದರೆ ನಕ್ಷೆಯ ಖರ್ಚು ಉಳಿಸಿಕೊಳ್ಳುತ್ತಿದ್ದ. ಅಲ್ಲಿ ಗೋಪುರವೂ ಬೇಕಿರಲಿಲ್ಲ, ಗೋಡೆಯೂ ಬೇಕಿರಲಿಲ್ಲ. ಕಟ್ಟೆ ಮೇಲೆ ಅಕ್ಕಿ ಆರಿಸುತ್ತ ಕೂತ ಹೆಂಗಸರು ತಲೆ ಎತ್ತದೆಯೇ, ಯಾರ ಮಗಳು ಎಷ್ಟು ಹೊತ್ತಿಗೆ ಕಾಲೇಜಿನಿಂದ ಬಂದಳು, ಮುಖ ಯಾಕೆ ಸಣ್ಣಗಾಗಿದೆ, ನಿನ್ನೆಯ ಚಪ್ಪಲಿ ಇವತ್ತು ಯಾಕಿಲ್ಲ ಎಂಬುದನ್ನೆಲ್ಲ ದಾಖಲು ಮಾಡಿಕೊಳ್ಳುತ್ತಿದ್ದರು. ಈ ಕ್ಯಾಮೆರಾಗಳಿಗೆ ಬಾಯಿಯೂ ಇತ್ತು ಅನ್ನುವುದೊಂದೇ ವ್ಯತ್ಯಾಸ.

ಅವರಲ್ಲೆಲ್ಲ ನಮ್ಮವ್ವನ ಕಣ್ಣು ಬೇರೆಯದೇ ತರಹದ್ದು. ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಕ್ಷರ ಗೊತ್ತಿರಲಿಲ್ಲ. ತುಂಬಿದ ಚೀಲಗಳನ್ನು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಎಣಿಸುತ್ತಿದ್ದಳು. ನಾನು ಓದಲು ಕೂತಾಗ ಅದೇ ವಿದ್ಯೆಯನ್ನು ನನ್ನ ಮೇಲೆ ಪ್ರಯೋಗಿಸಿದಳು. ನನ್ನ ಎಡಗೈ ಅವಳ ಕೈಯಲ್ಲಿ. ನಾನು ಒಂದು ಅಂಶ ಹೇಳಿದರೆ ಅವಳು ಒಂದು ಗೆಣ್ಣು ಒತ್ತುತ್ತಿದ್ದಳು. ಹೇಳಿದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯದು. ನಿನ್ನೆ ಹೇಳಿದಷ್ಟೇ ಇವತ್ತೂ ಬರಬೇಕು, ಅಷ್ಟೇ. ಬರದಿದ್ದರೆ ಹೆಬ್ಬೆರಳನ್ನು ಅಲ್ಲೇ ಒತ್ತಿ ಹಿಡಿದು, "ಈ ಗೆಣ್ಣು ಖಾಲಿ ಐತೆ ನೋಡು" ಎಂದು ಕಾಯುತ್ತಿದ್ದಳು. ಬಯ್ಯುತ್ತಿರಲಿಲ್ಲ, ಕೈಯನ್ನೂ ಬಿಡುತ್ತಿರಲಿಲ್ಲ. ನನ್ನ ವಂಶದಲ್ಲಿ ಪದವಿಯ ಕರಿ ಗೌನು ತೊಟ್ಟವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಈಗ ನಿಜಲಿಂಗಪ್ಪ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಆ ಫೋಟೋ ಬಾಗಿಲಿಗೆ ಸರಿಯಾಗಿ ಎದುರಿಗಿದೆ. ಸಿಲಿಂಡರ್ ತಂದವನೂ ಅದನ್ನು ನೋಡದೆ ಹೋಗುವಂತಿಲ್ಲ. ಮೊಳೆ ಹೊಡೆದವಳು ಅವ್ವ.

ಮೊನ್ನೆ ಪದವಿ ಪರೀಕ್ಷೆಗೆ ನನ್ನನ್ನು ಹರಿಹರದ ಕಾಲೇಜೊಂದಕ್ಕೆ ಕೊಠಡಿ ಮೇಲ್ವಿಚಾರಕಿಯಾಗಿ ಹಾಕಿದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ನಡುದಾರಿಯ ಬಾತಿ ಊರು ಬರುವಷ್ಟರಲ್ಲಿ ನನ್ನ ಊರು, ಕೆಲಸ, ಮದುವೆ ಯಾಕಾಗಿಲ್ಲ ಎಂಬುದನ್ನೆಲ್ಲ ವಿಚಾರಿಸಿ ಮುಗಿಸಿ, "ಆಗ್ತೈತೆ ಬಿಡವ್ವ" ಎಂದು ಖುಲಾಸೆ ಮಾಡಿ ಇಳಿದು ಹೋದಳು. ಪೊಲೀಸರಿಗೆ ಈ ವೇಗ ಬಂದರೆ ನಮ್ಮ ಶಾಸ್ತ್ರಕ್ಕೆ ಕೆಲಸವೇ ಇರುವುದಿಲ್ಲ.

ಕೊಠಡಿಯಲ್ಲಿ ಕ್ಯಾಮೆರಾ ಇತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಟಿ.ವಿ., ಅದರ ಮುಂದೆ ನಕಲು ಹಿಡಿಯಲು ಬಂದ ಸ್ಕ್ವಾಡಿನ ಹಿರಿಯ ಮೇಷ್ಟ್ರು. ಅಂದಿನ ಪತ್ರಿಕೆ ಸಮಾಜಶಾಸ್ತ್ರದ್ದು. ಪ್ರಶ್ನೆಪತ್ರಿಕೆ ಹಂಚುವಾಗ ನೋಡಿದೆ: "ಸಾಮಾಜಿಕ ನಿಯಂತ್ರಣದ ಅನೌಪಚಾರಿಕ ಸಾಧನಗಳನ್ನು ವಿವರಿಸಿ." ಅಂದರೆ, ಪೊಲೀಸು ಕೋರ್ಟುಗಳಿಲ್ಲದೆಯೂ ಜನ ನೆಟ್ಟಗಿರುವುದು ಹೇಗೆ ಎಂದು ಮಕ್ಕಳು ಕ್ಯಾಮೆರಾದ ಕೆಳಗೆ ಕೂತು ಬರೆಯಬೇಕು. ನಗು ಬಂತು. ಹಿಂದೆಯೇ ಮೂಗೂ ತುರಿಸಿತು. ಸೆರಗಿನ ಉಪಾಯ ಮಾಡಿದೆ. ಮತ್ತೆ ತುರಿಸಿತು, ಮತ್ತೆ ಸೆರಗು.

ಅಷ್ಟರಲ್ಲಿ ಬಾಗಿಲಲ್ಲಿ ಮೇಷ್ಟ್ರು ಪ್ರತ್ಯಕ್ಷರಾದರು. ನೆಟ್ಟಗೆ ಕಿಟಕಿ ಪಕ್ಕದ ಹುಡುಗಿಯ ಹತ್ತಿರ ಹೋಗಿ ಉತ್ತರಪತ್ರಿಕೆಯ ಮೇಲೆ ಕೈಯಿಟ್ಟರು. ಹುಡುಗಿಯ ಹೆಸರು ಮುಬೀನಾ.

"ಭಾಳ ಹೊತ್ತಿನಿಂದ ನೋಡಾಕ್ ಹತ್ತೀನಿ ಮೇಡಂ. ತುಟಿ ಆಡಸ್ತಾಳ, ಅಂಗೈ ನೋಡ್ಕೊಂತಾಳ. ಬರಕೊಂಡು ಬಂದಾಳ. ಏಳಮ್ಮ, ಕೈ ತೋರ್ಸು."

ಹುಡುಗಿ ಕೈ ಚಾಚಿದಳು. ಅಂಗೈ ತುಂಬ ಮೆಹಂದಿ.

"ಏನಿದು?"

"ಹೂವು ಸರ್. ಅಕ್ಕನ ಶಾದಿ ಇತ್ತು."

ಮೇಷ್ಟ್ರು ಕನ್ನಡಕ ಏರಿಸಿ ಹೂವನ್ನು ಓದಲು ಪ್ರಯತ್ನಿಸಿದರು. ಕೈಯನ್ನು ತಿರುಗಿಸಿ ಬಳ್ಳಿಯ ಕಡೆಯಿಂದಲೂ ಓದಿದರು. ಅಕ್ಷರ ಸಿಗಲಿಲ್ಲ. ಆದರೂ ಅವರ ಅನುಮಾನ ಕದಲಲಿಲ್ಲ. ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ತಪ್ಪು ತಿಳಕಾಬ್ಯಾಡ್ರಿ. ನೀವೂ ಒಂದೇ ಸಮ ಮೂಗು ಮುಟ್ಕೊಂತಿದ್ರಿ. ನೀವು ಮೂಗು ಮುಟ್ಟೋದು, ಆಕಿ ತುಟಿ ಆಡಿಸೋದು. ಸನ್ನೆ ಗಿನ್ನೆ ಏನರ..."

ಈಗಿನ ಕಾಲದ ಬಗ್ಗೆ ನಾನು ಪಾಠ ಮಾಡುವ ಮಾತು ನೆನಪಾಯಿತು. ಹಿಂದೆ, ಏನು ಮಾಡಿದೆ ಎಂದು ಕೇಳುತ್ತಿದ್ದರು. ಈಗ, ಏನು ಮಾಡಬಹುದು ಎಂದು ಲೆಕ್ಕ ಹಾಕುತ್ತಾರೆ. ಬ್ಯಾಂಕಿನವರು, ವಿಮೆಯವರು, ಬಾಡಿಗೆಗೆ ಮನೆ ಕೊಡುವವರು, ಎಲ್ಲರ ಕೈಯಲ್ಲೂ ಈ ಅಪಾಯದ ತಕ್ಕಡಿ ಇದೆ. ಪುಸ್ತಕದಲ್ಲಿ ಓದುವಾಗ ಇದು ತುಂಬ ಚೆಂದ. ತಕ್ಕಡಿಯಲ್ಲಿ ನಮ್ಮದೇ ಮೂಗನ್ನು ಇಟ್ಟಾಗ ಅಷ್ಟು ಚೆಂದವಲ್ಲ. ಆದರೂ ನನ್ನ ಮೂಗಿಗೆ ಹೆಚ್ಚೆಂದರೆ ಒಂದು ನೋಟಿಸು ಬರುತ್ತಿತ್ತು. ಹುಡುಗಿಯದು ಕೊನೆಯ ಸೆಮಿಸ್ಟರು. ನಕಲು ಕೇಸು ಬರೆದರೆ ಅವಳ ಡಿಗ್ರಿ ಅಲ್ಲಿಗೇ ನಿಲ್ಲುತ್ತಿತ್ತು. ಅವಳ ಹೆಬ್ಬೆರಳು ಮಾತ್ರ, ಇಷ್ಟೆಲ್ಲ ನಡೆದರೂ, ಉಂಗುರ ಬೆರಳಿನ ಒಂದು ಗೆಣ್ಣನ್ನು ಬಿಡದೆ ಒತ್ತಿಕೊಂಡೇ ಇತ್ತು. ನನಗೆ ಥಟ್ಟನೆ ಹೊಳೆಯಿತು.

"ಏನವ್ವ ಎಣಿಸ್ತಿದ್ದಿ?" ಎಂದೆ.

"ಪಾಯಿಂಟು ಮೇಡಂ," ಎಂದಳು. "ನಮ್ಮ ಅಮ್ಮಿಗೆ ಓದಾಕ ಬರಲ್ಲ. ಬೀಡಿ ಕಟ್ತಾರೆ. ನಾನು ಹೇಳ್ತಾ ಹೋಗ್ತೀನಿ, ಅವರು ನನ್ ಬೆರಳು ಹಿಡಕೊಂಡು ಎಣಿಸ್ತಾರೆ. ಹಂಗಾ ರೂಢಿ ಆಗೈತ್ರಿ. ಒಂದು ಸಿಗವಲ್ದು."

"ಕಥೆ!" ಎಂದರು ಮೇಷ್ಟ್ರು.

ನಾನು ನನ್ನ ಎಡಗೈಯನ್ನು ಅವರ ಮುಖದ ಮುಂದೆ ಹಿಡಿದೆ. "ಸರ್, ನನ್ನ ಎಂ.ಎ. ಪೂರ್ತಿ ಈ ಗೆಣ್ಣುಗಳ ಮೇಲೆ ಆಗೈತ್ರಿ. ನಮ್ಮವ್ವನೂ ಓದಿಲ್ಲ. ಅನುಮಾನ ಇದ್ರ ಈ ಹುಡುಗೀನ ಕೇಳ್ರಿ, ಬರೆದಿದ್ದೆಷ್ಟು, ಇನ್ನೂ ಬರೀಬೇಕಾಗಿದ್ದೆಷ್ಟು ಅಂತ. ಪೇಪರ್ ನಿಮ್ ಕೈಯಾಗೇ ಐತೆ. ನನ್ನ ಮೂಗಿನ ಮ್ಯಾಲೆ ಬೇಕಾದ್ರ ಬ್ಯಾರೆ ಕೇಸ್ ಬರಕೊಳ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಹುಡುಗಿಯ ಬಾಯಿಂದ ಬರೆದ ಅಂಶಗಳನ್ನು ಹೇಳಿಸಿದರು. ನೆರೆಹೊರೆ, ಧರ್ಮ, ಸಂಪ್ರದಾಯ, ಜನರ ಬಾಯಿ... ಒಂದೊಂದಕ್ಕೂ ಹೆಬ್ಬೆರಳು ಒಂದೊಂದು ಗೆಣ್ಣು ದಾಟಿತು. ಪೇಪರಿನಲ್ಲೂ ಅದೇ ಸಾಲು. ಅವರು ಪತ್ರಿಕೆಯನ್ನು ಬೆಂಚಿನ ಮೇಲಿಟ್ಟರು. "ತುಟಿ ಆಡಿಸದಂಗ ಎಣ್ಸಮ್ಮ," ಎಂದು ಕೆಮ್ಮಿ, ಕಳೆದುಹೋದಷ್ಟು ಸಮಯವನ್ನು ಅವಳಿಗೆ ಸೇರಿಸಿಕೊಡಲು ನನಗೆ ಹೇಳಿದರು. ಕೆಟ್ಟವರಲ್ಲ. ಟಿ.ವಿ.ಯಲ್ಲಿ ನೋಡುವವರಿಗೆ ತುಟಿ ಕಾಣುತ್ತದೆ, ದನಿ ಕೇಳುವುದಿಲ್ಲ. ತಪ್ಪು ತಿಳಿಯಲು ಅಷ್ಟು ಸಾಕು. ಬಾಗಿಲು ದಾಟುವ ಮುಂಚೆ ಅವರು ಒಮ್ಮೆ ನಿಂತು ಕೂತ ಮಕ್ಕಳ ಸಾಲುಗಳನ್ನು ಲೆಕ್ಕ ಹಾಕಿದರು. ನಾನು ಅವರ ಕೈ ನೋಡಿದೆ. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹಾಯಾಗಿ ನಡೆಯುತ್ತಿತ್ತು. ಕೆಲವನ್ನು ನೋಡಿಯೂ ಸುಮ್ಮನಿರುವ ಸೌಲಭ್ಯ ಕ್ಯಾಮೆರಾಕ್ಕಿಲ್ಲ, ಮನುಷ್ಯರಿಗಿದೆ.

ಪರೀಕ್ಷೆ ಮುಗಿದ ಮೇಲೆ ಗೇಟಿನ ಹತ್ತಿರ ಮುಬೀನಾ ಸಿಕ್ಕಳು. ಬಣ್ಣ ಬಂದಿತ್ತು ಮುಖಕ್ಕೆ.

"ಪಾಸಾಗ್ತೀನಿ ಮೇಡಂ. ಆದ್ರ ಆ ಒಂದು ಗೆಣ್ಣು ಖಾಲೀನ ಉಳೀತ್ರಿ. ಹೊರಗ ಬಂದ ಮ್ಯಾಲೆ ನೆನಪಾತು."

"ಯಾವ್ದು?"

"ಕುಟುಂಬ!" ಎಂದು ಹಣೆ ಚಚ್ಚಿಕೊಂಡಳು. "ಎಲ್ಲದಕ್ಕಿಂತ ಮೊದಲನೇದು. ಅಮ್ಮಿಗೆ ಏನ್ ಹೇಳ್ಲಿ? ಮನಿಗೆ ಹೋದ ಕೂಡ್ಲೆ ಕೈ ಕೇಳ್ತಾರೆ."

ನಮ್ಮ ಶಾಸ್ತ್ರದಲ್ಲಿ ನನಗೆ ಪ್ರಿಯವಾದ ಸಿದ್ಧಾಂತ ಒಂದಿದೆ. ಜನ ಯಾಕೆ ತಪ್ಪು ಮಾಡುತ್ತಾರೆ ಎಂದು ಕೇಳಬೇಡಿ, ಹೆಚ್ಚಿನವರು ಯಾಕೆ ಮಾಡುವುದಿಲ್ಲ ಎಂದು ಕೇಳಿ, ಎನ್ನುತ್ತದೆ ಅದು. ಯಾರಿಗೋ ನಾವು ಬೇಕಾದವರು, ಅವರ ಮುಖ ಸಪ್ಪಗಾದೀತು ಎಂಬ ಒಂದೇ ಅಂಜಿಕೆ ನಮ್ಮನ್ನು ತಡೆಯುತ್ತದಂತೆ. ಪುಸ್ತಕದವರು ಇದಕ್ಕೆ ದೊಡ್ಡ ಹೆಸರಿಟ್ಟಿದ್ದಾರೆ. ಹರಿಹರದ ಬಸ್ ಸ್ಟ್ಯಾಂಡಿಗೆ ನಡೆಯುತ್ತ ನನಗೆ ನೆನಪಾದದ್ದು ಆ ಹೆಸರಲ್ಲ, ನನ್ನ ಗೆಣ್ಣಿನ ಮೇಲೆ ಕಾಯುತ್ತಿದ್ದ ಒರಟು ಹೆಬ್ಬೆರಳು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಕ್ಯಾಮೆರಾದ ವಿಷಯ ಅವಳ ತಲೆಗೆ ಹತ್ತಲಿಲ್ಲ.

"ಆ ಹುಡುಗಿ ಯಾವ್ದು ಬಿಟ್ಲಂದಿ?"

"ಮನೆಯವರನ್ನ."

ಅವ್ವ ನಕ್ಕಳು. "ಕೈ ಹಿಡಕೊಂಡು ಪಕ್ಕದಾಗೇ ಕುಂತೋರು ಯಾರಿಗೆ ನೆನಪಾಗ್ತಾರ ಬಿಡು," ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು.

ನಾನು ಕುರ್ಚಿಯಲ್ಲಿ ಕಾಲು ಚಾಚಿದೆ. ನಮ್ಮ ಮನೆಯಲ್ಲಿ ಕ್ಯಾಮೆರಾ ಇಲ್ಲ. ಬೆಳಗಿನಿಂದ ಬಾಕಿಯಿದ್ದ ಮೂಗನ್ನು ಮನಸ್ಸಿಗೆ ತೃಪ್ತಿಯಾಗುವಷ್ಟು ತುರಿಸಿಕೊಂಡೆ.

"ಕೈ ತೊಳಕೊಂಡು ಊಟಕ್ಕ ಬಾ," ಎಂದಳು ಅವ್ವ ಒಲೆಯ ಮುಂದಿನಿಂದ, ತಿರುಗಿಯೂ ನೋಡದೆ.